ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು, ಆದರೆ ಯಾವುದರಿಂದ?

ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಎಡಗಡೆ ಒಂದು ಸಣ್ಣ ನಕ್ಷತ್ರ ಬರೆಯಿರಿ. ಅದರಿಂದ ಬಲಕ್ಕೆ ಸುಮಾರು 8 ಸೆಂಟಿಮೀಟರ್ ದೂರದಲ್ಲಿ ಕಡಲೆಕಾಳಿನಷ್ಟು ಕಪ್ಪು ಚುಕ್ಕೆ ಇಡಿ. ಈಗ ಎಡಗಣ್ಣು ಮುಚ್ಚಿ. ಬಲಗಣ್ಣಿನಿಂದ ನಕ್ಷತ್ರವನ್ನೇ ನೋಡುತ್ತಾ ಹಾಳೆಯನ್ನು ಮೆಲ್ಲಗೆ ಮುಖದ ಹತ್ತಿರ ತನ್ನಿ. ಸುಮಾರು 30 ಸೆಂಟಿಮೀಟರ್ ದೂರಕ್ಕೆ ಬಂದಾಗ ಚುಕ್ಕೆ ಮಾಯವಾಗುತ್ತದೆ. ಇನ್ನೂ ಹತ್ತಿರ ತಂದರೆ ಮತ್ತೆ ಕಾಣಿಸುತ್ತದೆ.

ಚುಕ್ಕೆ ಹೋದ ಜಾಗದಲ್ಲಿ ತೂತು ಕಾಣುವುದಿಲ್ಲ. ಕಪ್ಪಾಗಿಯೂ ಇರುವುದಿಲ್ಲ. ಬರೀ ಬಿಳಿ ಹಾಳೆ ಕಾಣುತ್ತದೆ. ಕಣ್ಣಿನ ಹಿಂಭಾಗದಲ್ಲಿ ನರ ಹೊರಗೆ ಹೋಗುವ ಕಡೆ ಬೆಳಕು ಹಿಡಿಯುವ ಕೋಶಗಳಿಲ್ಲ. ಅಲ್ಲಿನ ಖಾಲಿಯನ್ನು ಮಿದುಳು ಸುತ್ತಲಿನ ಬಣ್ಣದಿಂದ ತುಂಬಿಬಿಡುತ್ತದೆ. ಫ್ರಾನ್ಸಿನ ಎಡ್ಮೆ ಮಾರಿಯೊಟ್ ಇದನ್ನು ಕಂಡುಹಿಡಿದದ್ದು 1660ರ ದಶಕದಲ್ಲಿ. ಹುಟ್ಟಿದಾಗಿನಿಂದ ನಮ್ಮ ನೋಟದಲ್ಲಿ ಈ ಖಾಲಿ ಜಾಗ ಇದೆ. ಯಾರಾದರೂ ತೋರಿಸಿಕೊಡುವ ತನಕ ಅದು ನಮಗೆ ಗೊತ್ತೇ ಆಗುವುದಿಲ್ಲ.

ಇಲ್ಲದ್ದನ್ನು ಕಣ್ಣು ಇಷ್ಟು ಸಲೀಸಾಗಿ ತೋರಿಸುವುದಾದರೆ, ಎದುರಿಗಿರುವುದು ನಿಜ ಎಂದು ಹೇಳುವುದು ಹೇಗೆ? ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಅನ್ನುತ್ತದೆ ಗಾದೆ. ಸರಿ, ಪ್ರಮಾಣಿಸುವುದು ಯಾವುದರಿಂದ? ಎರಡು ಸಾವಿರ ವರ್ಷಕ್ಕೂ ಜಾಸ್ತಿ ಕಾಲದಿಂದ ಸಂದೇಹವಾದಿಗಳು ಕೇಳುತ್ತಾ ಬಂದಿರುವುದು ಇದನ್ನೇ.

ಗ್ರೀಸಿನಲ್ಲಿ ಈ ಕಥೆ ಪಿರೋ ಎಂಬವನಿಂದ ಶುರುವಾಗುತ್ತದೆ. ಕ್ರಿಸ್ತಪೂರ್ವ 4ನೇ ಶತಮಾನದವನು. ಅಲೆಕ್ಸಾಂಡರನ ಸೈನ್ಯದ ಜೊತೆ ಭಾರತದ ತನಕ ಬಂದು, ಇಲ್ಲಿನ ಸನ್ಯಾಸಿಗಳನ್ನು ಕಂಡಿದ್ದ ಎಂದು ಹಳೆಯ ಬರಹಗಳು ಹೇಳುತ್ತವೆ. ಅವನು ತಾನಾಗಿ ಏನನ್ನೂ ಬರೆದಿಡಲಿಲ್ಲ. ಎದುರಿಗೆ ಗಾಡಿ ಬಂದರೂ ಸರಿಯುತ್ತಿರಲಿಲ್ಲ, ಸ್ನೇಹಿತರೇ ಎಳೆದು ಉಳಿಸುತ್ತಿದ್ದರು ಎಂಬ ಕಥೆ ಅವನ ಬಗ್ಗೆ ಇದೆ. ನಾನಂತೂ ಇದನ್ನು ನಂಬುವುದಿಲ್ಲ. ಅದೇ ಬರಹಗಳ ಪ್ರಕಾರ ಅವನು ತೊಂಬತ್ತು ವರ್ಷದ ಹತ್ತಿರ ಬದುಕಿದ್ದ. ಗಾಡಿಗೆ ಅಡ್ಡ ನಿಲ್ಲುವವನು ಅಷ್ಟು ಕಾಲ ಬಾಳುವುದಿಲ್ಲ.

ಪಿರೋನ ದಾರಿಯನ್ನು ನಮಗೆ ಬಿಡಿಸಿ ಹೇಳಿದವನು ಸೆಕ್ಸ್ಟಸ್ ಎಂಪಿರಿಕಸ್ ಎಂಬ ವೈದ್ಯ. ಕ್ರಿಸ್ತಶಕ 2ನೇ ಶತಮಾನದ ಸುಮಾರಿನವನು. ಜೇನು ಸಿಹಿಯಾಗಿ ಅನ್ನಿಸುತ್ತದೆ, ಅದನ್ನು ನಾನು ಒಪ್ಪುತ್ತೇನೆ ಅನ್ನುತ್ತಾನೆ. ಜೇನು ತನ್ನಷ್ಟಕ್ಕೆ ತಾನು ಸಿಹಿಯೋ ಅಲ್ಲವೋ ಎಂಬ ಮಾತು ಬಂದರೆ ಮಾತ್ರ ಸುಮ್ಮನಾಗುತ್ತಾನೆ. ದೂರದಿಂದ ದುಂಡಗೆ ಕಂಡ ಗೋಪುರ ಹತ್ತಿರ ಹೋದರೆ ಚೌಕವಾಗಿರುತ್ತದೆ. ನೀರಿನಲ್ಲಿಟ್ಟ ಹುಟ್ಟು ಮುರಿದ ಹಾಗೆ ಕಾಣುತ್ತದೆ. ಎರಡೂ ಕಡೆಯ ವಾದ ಸಮವಾದಾಗ ತೀರ್ಪು ಕೊಡದೆ ಬಿಟ್ಟುಬಿಡು, ಮನಸ್ಸು ತಿಳಿಯಾಗುತ್ತದೆ ಎಂಬುದು ಅವನ ಮಾತು. ಅವನು ಹೇಳುವ ಚಿತ್ರಕಾರನ ಕಥೆ ನನಗೆ ಬಹಳ ಇಷ್ಟ. ಅಪೆಲಿಸ್ ಕುದುರೆಯ ಬಾಯಿಯ ನೊರೆಯನ್ನು ಬರೆಯಲು ಎಷ್ಟೋ ಸಲ ಹೆಣಗಿ ಸೋತ. ಬೇಸತ್ತು, ಬಣ್ಣ ಒರೆಸುವ ಸ್ಪಂಜನ್ನು ಚಿತ್ರದ ಮೇಲೆ ಎಸೆದ. ಅದು ತಾಗಿದ ಕಡೆ ನೊರೆ ಮೂಡಿತ್ತು. ನೆಮ್ಮದಿಯೂ ಹಾಗೇ, ಹುಡುಕುವುದನ್ನು ಬಿಟ್ಟಾಗ ತಾನಾಗಿ ಬರುತ್ತದಂತೆ.

ಅಂದರೆ ಆ ಕಾಲದ ಸಂಶಯ ಒಂದು ಬದುಕುವ ದಾರಿಯಾಗಿತ್ತು. ಇದನ್ನು ನೆನಪಿಡಬೇಕು, ಮುಂದೆ ಅದರ ಕೆಲಸ ಪೂರ್ತಿ ಬದಲಾಗುತ್ತದೆ.

ಭಾರತದಲ್ಲಿ ಜಗಳ ಬೇರೆ ಕಡೆಯಿಂದ ಎದ್ದಿತು. ಮೊದಲು ಒಂದು ಪದದ ವಿಷಯ. ನಾವು ‘ಅನುಮಾನ’ ಅಂದರೆ ಶಂಕೆ. ಶಾಸ್ತ್ರದಲ್ಲಿ ಅನುಮಾನ ಎಂದರೆ ತಿಳಿವಿಗೆ ಇರುವ ಗಟ್ಟಿ ದಾರಿಗಳಲ್ಲಿ, ಅಂದರೆ ‘ಪ್ರಮಾಣ’ಗಳಲ್ಲಿ, ಒಂದು. ಹೊಗೆ ಕಂಡು ಬೆಂಕಿ ಇದೆ ಎಂದು ತಿಳಿಯುವುದು. ಕನ್ನಡದಲ್ಲಿ ಒಂದೇ ಪದ ತಿಳಿವನ್ನೂ ಶಂಕೆಯನ್ನೂ ಹೊತ್ತುಕೊಂಡಿದೆ. ಈ ಇಡೀ ಇತಿಹಾಸ ಅದರೊಳಗೇ ಇದೆ ಅನ್ನಿಸುತ್ತದೆ ನನಗೆ.

ನಾಗಾರ್ಜುನ ಸುಮಾರು 2ನೇ ಶತಮಾನದ ಬೌದ್ಧ ಚಿಂತಕ. ವಸ್ತುಗಳನ್ನು ಪ್ರಮಾಣಗಳಿಂದ ತಿಳಿಯುತ್ತೀರಿ, ಸರಿ. ಆ ಪ್ರಮಾಣ ಸರಿಯಾಗಿದೆ ಎಂದು ಯಾವ ಪ್ರಮಾಣದಿಂದ ತಿಳಿದಿರಿ ಎಂದು ಅವನು ಕೇಳಿದ. ಇನ್ನೊಂದು ಪ್ರಮಾಣದಿಂದ ಅಂದರೆ, ಅದಕ್ಕೆ ಮತ್ತೊಂದು ಬೇಕು. ಹೀಗೆ ಹೊರಟರೆ ಕೊನೆಯೇ ಇಲ್ಲ. ‘ನ್ಯಾಯ’ ಎಂಬ ತರ್ಕದ ಪಂಥದ ಮೂಲ ಗ್ರಂಥವಾದ ನ್ಯಾಯಸೂತ್ರಗಳಲ್ಲಿ ಇಂಥ ಪ್ರಶ್ನೆಗೆ ತಕ್ಕಡಿಯ ಉತ್ತರ ಇದೆ. ತಕ್ಕಡಿ ಬಂಗಾರವನ್ನು ತೂಗುತ್ತದೆ. ತಕ್ಕಡಿ ಸರಿಯಿಲ್ಲ ಅನ್ನಿಸಿದರೆ ತೂಕ ಗೊತ್ತಿರುವ ಬಂಗಾರದಿಂದ ತಕ್ಕಡಿಯನ್ನೇ ಪರೀಕ್ಷಿಸಬಹುದು. ಅಳೆಯುವ ವಸ್ತುವನ್ನೂ ಅಳೆಯಬಹುದು. ಎಲ್ಲವನ್ನೂ ಒಟ್ಟಿಗೇ ಅಳೆಯಬೇಕಾಗಿಲ್ಲ.

ಇನ್ನೊಂದು ಪರೀಕ್ಷೆಯನ್ನೂ ನ್ಯಾಯದವರು ಮುಂದಿಟ್ಟರು. ದೂರದಲ್ಲಿ ನೀರು ಕಾಣುತ್ತಿದೆ. ಅದು ನೀರೋ ಬಿಸಿಲುಗುದುರೆಯೋ? ಹೋಗಿ ಕುಡಿದು ನೋಡು. ಬಾಯಾರಿಕೆ ಹೋದರೆ ನೀರು. ನಡೆದು ನೋಡಿದಾಗ ಫಲ ಕೊಟ್ಟ ತಿಳಿವು ಸರಿಯಾದ ತಿಳಿವು.

ಇಲ್ಲಿಗೆ ಮುಗಿಯಿತು ಅನ್ನಿಸುತ್ತದೆ, ಅಲ್ವಾ? 8ನೇ ಶತಮಾನದ ಬೌದ್ಧ ಚಿಂತಕ ಧರ್ಮೋತ್ತರ ಇದಕ್ಕೂ ಒಂದು ತೊಡಕು ತಂದ. ಒಬ್ಬ ಬಿಸಿಲುಗುದುರೆಯನ್ನು ನೀರೆಂದುಕೊಂಡು ಅಲ್ಲಿಗೆ ಹೋಗುತ್ತಾನೆ. ಹೋದ ಜಾಗದಲ್ಲಿ ಬಂಡೆಯ ಕೆಳಗೆ ನಿಜವಾಗಿ ನೀರಿದೆ. ಕುಡಿಯುತ್ತಾನೆ, ಬಾಯಾರಿಕೆ ಹೋಗುತ್ತದೆ. ಹಾಗಾದರೆ ಅಲ್ಲಿ ನೀರಿದೆ ಎಂದು ಅವನಿಗೆ ಮೊದಲೇ ಗೊತ್ತಿತ್ತೇ? ಇದೇ ಬಗೆಯ ತೊಡಕನ್ನು ಅಮೆರಿಕದ ಎಡ್ಮಂಡ್ ಗೆಟಿಯರ್ 1963ರಲ್ಲಿ ಮೂರೇ ಪುಟದ ಲೇಖನದಲ್ಲಿ ಬರೆದರು. ‘ಕಾರಣ ಇರುವ ನಿಜವಾದ ನಂಬಿಕೆಯೇ ಜ್ಞಾನ’ ಎಂಬ ವಿವರಣೆ ಅಲ್ಲಿಂದ ಅಲುಗಾಡಿತು. ಇಬ್ಬರ ನಡುವೆ ಸಾವಿರಕ್ಕೂ ಜಾಸ್ತಿ ವರ್ಷ.

ಸಂಶಯವನ್ನು ತುದಿಯ ತನಕ ಒಯ್ದವರೂ ಇದ್ದರು. ಜಯರಾಶಿ ಭಟ್ಟ ಒಂದೊಂದೇ ಪ್ರಮಾಣವನ್ನು ಕೆಡವುತ್ತಾ ಹೋದ. 12ನೇ ಶತಮಾನದ ಶ್ರೀಹರ್ಷ ಅದೇ ಕೆಲಸವನ್ನು ಇನ್ನೂ ಹರಿತವಾಗಿ ಮಾಡಿದ. ಅವನು ಎದುರು ಹಾಕಿಕೊಂಡದ್ದು 10ನೇ ಶತಮಾನದ ಉದಯನನನ್ನು. ಸಂಶಯಕ್ಕೂ ಒಂದು ಗಡಿ ಇದೆ, ನಿನ್ನ ನಡತೆಗೇ ಅದು ವಿರುದ್ಧವಾದ ಕಡೆ ಸಂಶಯ ನಿಲ್ಲುತ್ತದೆ ಎಂದಿದ್ದ ಉದಯನ. ಶ್ರೀಹರ್ಷ ಆ ಶ್ಲೋಕವನ್ನೇ ತಿರುಗಿಸಿ ಬರೆದು ಉತ್ತರ ಕೊಟ್ಟ. ವಿರೋಧ ಇದೆ ಎಂದರೆ ಸಂಶಯವೂ ಇದೆ ಎಂದಾಯಿತಲ್ಲ, ಹಾಗಿರುವಾಗ ಗಡಿ ಎಲ್ಲಿ? 14ನೇ ಶತಮಾನದಲ್ಲಿ ಗಂಗೇಶ ಉದಯನನ ಪರ ನಿಂತ. ಬೆಂಕಿಯಿಂದ ಹೊಗೆ ಬರುವುದು ನಿನಗೆ ನಿಜವಾಗಿ ಸಂಶಯವಾದರೆ, ಹೊಗೆ ಬೇಕಾದಾಗ ಬೆಂಕಿಯನ್ನೇ ಯಾಕೆ ಹುಡುಕುತ್ತೀಯ? ಹಸಿದಾಗ ಊಟವನ್ನೇ ಯಾಕೆ ಮಾಡುತ್ತೀಯ? ಇನ್ನೊಬ್ಬರಿಗೆ ತಿಳಿಸಬೇಕಾದಾಗ ಯಾಕೆ ಮಾತಾಡುತ್ತೀಯ? ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಇದಕ್ಕಿಂತ ಗಟ್ಟಿಯಾದ ಮಾತು ಕಡಿಮೆ.

ಬಾಗ್ದಾದಿನ ಇಸ್ಲಾಮಿ ಚಿಂತಕ ಅಲ್ ಗಜಾಲಿ ಈ ಸಂಶಯವನ್ನು ವಾದವಾಗಿ ಅಲ್ಲ, ಕಾಯಿಲೆಯಾಗಿ ಅನುಭವಿಸಿದ. ನೆರಳು ನಿಂತ ಹಾಗೆ ಕಾಣುತ್ತದೆ, ಆದರೆ ಸರಿಯುತ್ತಿರುತ್ತದೆ. ನಕ್ಷತ್ರ ನಾಣ್ಯದಷ್ಟು ಕಾಣುತ್ತದೆ, ಆದರೆ ಲೆಕ್ಕ ಹಾಕಿದರೆ ಭೂಮಿಗಿಂತ ದೊಡ್ಡದು. ಕಣ್ಣನ್ನು ಬುದ್ಧಿ ಸುಳ್ಳು ಮಾಡಿತು. ಬುದ್ಧಿಯನ್ನು ಸುಳ್ಳು ಮಾಡುವಂಥದ್ದು ಇನ್ನೊಂದು ಇದ್ದರೆ? ಸುಮಾರು ಎರಡು ತಿಂಗಳು ಹೀಗೇ ನರಳಿದೆ, ವಾದದಿಂದ ವಾಸಿಯಾಗಲಿಲ್ಲ, ದೇವರು ಎದೆಯಲ್ಲಿಟ್ಟ ಬೆಳಕಿನಿಂದ ವಾಸಿಯಾಯಿತು ಎಂದು ಅವನೇ ಬರೆದುಕೊಂಡಿದ್ದಾನೆ.

ಯೂರೋಪಿನಲ್ಲಿ 1562ರಲ್ಲಿ ಸೆಕ್ಸ್ಟಸ್‌ನ ಪುಸ್ತಕ ಲ್ಯಾಟಿನ್‌ನಲ್ಲಿ ಅಚ್ಚಾಯಿತು. ಧರ್ಮದ ಹೆಸರಿನಲ್ಲಿ ಜನ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಕಾಲ ಅದು. ಎರಡೂ ಕಡೆಯವರಿಗೆ ತಮ್ಮದೇ ಸತ್ಯ ಎಂಬ ಖಾತ್ರಿ. ಆ ಹೊತ್ತಿನಲ್ಲಿ ಫ್ರಾನ್ಸಿನ ಮೊಂಟೇನ್ ‘ನನಗೇನು ಗೊತ್ತು?’ ಎಂದು ಕೇಳಿಕೊಂಡ. ತನ್ನ ಓದುಕೋಣೆಯ ತೊಲೆಗಳ ಮೇಲೆ ಸೆಕ್ಸ್ಟಸ್‌ನ ಮಾತುಗಳನ್ನು ಬರೆಸಿಕೊಂಡ.

1641ರಲ್ಲಿ ಅಚ್ಚಾದ ಪುಸ್ತಕವೊಂದರಲ್ಲಿ ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್ ಸಂಶಯದ ಕೆಲಸವನ್ನೇ ಬದಲಾಯಿಸಿದ. ಅವನಿಗೆ ನೆಮ್ಮದಿ ಬೇಕಿರಲಿಲ್ಲ, ಅಲುಗಾಡದ ಅಡಿಪಾಯ ಬೇಕಿತ್ತು. ಸ್ವಲ್ಪವಾದರೂ ಸಂಶಯ ಬರುವುದನ್ನೆಲ್ಲ ಸುಳ್ಳೆಂದುಕೊಂಡು ಬದಿಗಿಡುತ್ತಾ ಬಂದ. ಒಲೆಯ ಹತ್ತಿರ ಕೂತಿದ್ದೇನೆ, ಕೈಯಲ್ಲಿ ಕಾಗದ ಇದೆ. ಕನಸಿನಲ್ಲೂ ಹೀಗೇ ಕೂತಿರುತ್ತೇನಲ್ಲ? ಎಲ್ಲ ಶಕ್ತಿಯಿರುವ ಒಂದು ದುಷ್ಟ ಜೀವಿ ನನಗೆ ಮೋಸ ಮಾಡುತ್ತಿದ್ದರೆ? ಕೊನೆಗೆ ಉಳಿದದ್ದು ಒಂದೇ. ಮೋಸ ಹೋಗುವುದಕ್ಕಾದರೂ ನಾನು ಇರಬೇಕು. ಅಲ್ಲಿಂದ ಹೊರಗಿನ ಜಗತ್ತಿಗೆ ವಾಪಸ್ ಬರಲು ಅವನು ದೇವರ ಮೊರೆ ಹೋದ. ಸ್ಪಷ್ಟವಾಗಿ ಕಂಡದ್ದು ನಿಜ ಎನ್ನಲು ದೇವರು ಬೇಕು, ದೇವರು ಇದ್ದಾನೆ ಎನ್ನಲು ಸ್ಪಷ್ಟವಾಗಿ ಕಾಣಬೇಕು. ಇದು ಸುತ್ತಿ ಬಂದು ಅಲ್ಲೇ ನಿಲ್ಲುತ್ತದೆ ಎಂದು ಆಂತ್ವಾನ್ ಆರ್ನೋ ಎತ್ತಿದ ಆಕ್ಷೇಪ ಅದೇ ಪುಸ್ತಕದ ಜೊತೆಗೇ ಅಚ್ಚಾಯಿತು. ಡೆಕಾರ್ಟ್ ಎಬ್ಬಿಸಿದ ಪ್ರಶ್ನೆ ಉಳಿಯಿತು, ಉತ್ತರ ಹೆಚ್ಚು ಜನಕ್ಕೆ ಒಪ್ಪಿಗೆಯಾಗಲಿಲ್ಲ. 1981ರಲ್ಲಿ ಅಮೆರಿಕದ ಹಿಲರಿ ಪಟ್ನಮ್ ಚರ್ಚಿಸಿದ ‘ತೊಟ್ಟಿಯಲ್ಲಿಟ್ಟ ಮಿದುಳು’ (ದೇಹವಿಲ್ಲದೆ, ಎಲ್ಲ ಅನುಭವವನ್ನೂ ಯಂತ್ರದಿಂದಲೇ ಪಡೆಯುವ ಮಿದುಳು), ಈಗ ಎಲ್ಲರೂ ಹೇಳುವ ‘ನಾವೆಲ್ಲ ಕಂಪ್ಯೂಟರಿನೊಳಗೆ ಇದ್ದರೆ?’ ಎಂಬ ಮಾತು, ಎರಡೂ ಆ ದುಷ್ಟ ಜೀವಿಯ ಹೊಸ ವೇಷಗಳು.

18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಹ್ಯೂಮ್ ಇನ್ನೂ ಹತ್ತಿರದ ಪ್ರಶ್ನೆ ಕೇಳಿದ. ನಾಳೆ ಸೂರ್ಯ ಹುಟ್ಟುತ್ತಾನೆ ಎಂದು ಯಾಕೆ ನಂಬುತ್ತೀರಿ? ಇಲ್ಲಿಯ ತನಕ ಹುಟ್ಟಿದ್ದಾನೆ ಎಂದು. ಇಲ್ಲಿಯ ತನಕ ಆದದ್ದು ಮುಂದೆಯೂ ಆಗುತ್ತದೆ ಎಂದು ಯಾಕೆ ನಂಬುತ್ತೀರಿ? ಅದಕ್ಕೆ ಅವನು ಕಂಡ ಕಾರಣ ರೂಢಿ ಮಾತ್ರ. ಈ ಯೋಚನೆಗಳಿಂದ ಮಂಕಾದಾಗ ಸ್ನೇಹಿತರ ಜೊತೆ ಊಟ ಮಾಡಿ, ಪಗಡೆಯಂಥ ಆಟ ಆಡುತ್ತಿದ್ದನಂತೆ. ವಾಪಸ್ ಬಂದು ನೋಡಿದರೆ ಆ ಸಂಶಯಗಳೆಲ್ಲ ತಣ್ಣಗಾಗಿ, ಎಳೆದು ತಂದ ಹಾಗೆ, ನಗು ಬರುವ ಹಾಗೆ ಅನ್ನಿಸುತ್ತಿದ್ದವು. ಗಂಗೇಶನ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಹೊರಗಿನ ಜಗತ್ತು ಇದೆ ಎಂಬುದನ್ನು ಇನ್ನೂ ನಂಬಿಕೆಯ ಮೇಲೆಯೇ ಒಪ್ಪಬೇಕಾಗಿರುವುದು ತತ್ವಶಾಸ್ತ್ರಕ್ಕೆ ನಾಚಿಕೆಗೇಡು ಎಂದು ಕಾಂಟ್ 1787ರಲ್ಲಿ ಬರೆದ. 1939ರಲ್ಲಿ ಜಿ. ಇ. ಮೂರ್ ಸಭೆಯ ಮುಂದೆ ಒಂದು ಕೈ ಎತ್ತಿ ‘ಇದು ಒಂದು ಕೈ’ ಎಂದರು. ಇನ್ನೊಂದು ಎತ್ತಿ ‘ಇದು ಇನ್ನೊಂದು’ ಎಂದರು. ಹೊರಗೆ ವಸ್ತುಗಳಿವೆ ಎಂಬುದಕ್ಕೆ ಅಷ್ಟೇ ಸಾಕು ಎಂಬುದು ಅವರ ವಾದ.

ಮೂರ್ ಅವರ ಆ ಕೈಗಳ ಬಗ್ಗೆ ಲುಡ್ವಿಗ್ ವಿಟ್‌ಗೆನ್‌ಸ್ಟೈನ್ ತಮ್ಮ ಕೊನೆಯ ದಿನಗಳ ತನಕ ಟಿಪ್ಪಣಿ ಬರೆದರು. ಬಾಗಿಲು ತಿರುಗಬೇಕಾದರೆ ಕೀಲು ಅಲುಗಬಾರದು ಎನ್ನುತ್ತಾರೆ. ‘ಇದು ನನ್ನ ಕೈ’ ಎಂಬಂಥ ಮಾತುಗಳು ಆ ಕೀಲುಗಳು. ಅವನ್ನು ಯಾರೂ ಸಾಧಿಸಿ ತೋರಿಸಿಲ್ಲ. ಆದರೆ ಉಳಿದ ಸಂಶಯಗಳೆಲ್ಲ ತಿರುಗುವುದು ಅವುಗಳ ಮೇಲೆಯೇ. ಕೊನೆಯ ಟಿಪ್ಪಣಿ 1951ರ ಏಪ್ರಿಲ್ 27ರದ್ದು. ಎರಡು ದಿನಕ್ಕೆ ತೀರಿಕೊಂಡರು. ಅದರಲ್ಲಿ ಒಬ್ಬ ಕನಸು ಕಾಣುತ್ತಾ ‘ಮಳೆ ಬರುತ್ತಿದೆ’ ಅನ್ನುತ್ತಾನೆ. ಹೊರಗೆ ನಿಜವಾಗಿಯೂ ಮಳೆ ಬರುತ್ತಿದೆ. ಆದರೂ ಅವನಿಗದು ಗೊತ್ತು ಎನ್ನಲಾಗುವುದಿಲ್ಲ. ಓದಿದಾಗಲೆಲ್ಲ ನನಗೆ ಧರ್ಮೋತ್ತರನ ಬಂಡೆಯ ಕೆಳಗಿನ ನೀರು ನೆನಪಾಗುತ್ತದೆ.

ಈಗ ಪ್ರಶ್ನೆ ಓದುಕೋಣೆಯಿಂದ ಫೋನಿಗೆ ಬಂದಿದೆ. ಯಾರದೇ ಮುಖ, ದನಿಯನ್ನು ನಕಲು ಮಾಡಿ ವಿಡಿಯೋ ತಯಾರಿಸಬಹುದು. ಸುಳ್ಳನ್ನು ನಿಜ ಎಂದುಕೊಳ್ಳುವ ಅಪಾಯ ಎಲ್ಲರಿಗೂ ಕಾಣುತ್ತದೆ. ನನಗೆ ಜಾಸ್ತಿ ಭಯ ಇನ್ನೊಂದರದ್ದು. ತಪ್ಪು ಮಾಡಿದವನು ನಿಜವಾದ ವಿಡಿಯೋ ಎದುರಿಗಿದ್ದಾಗಲೂ ‘ಇದು ನಕಲಿ’ ಎಂದು ಹೇಳಿ ಜಾರಿಕೊಳ್ಳಬಹುದು. ‘ಯಾವುದನ್ನೂ ನಂಬಲಾಗದು’ ಎಂಬ ಮಾತು ಸೆಕ್ಸ್ಟಸ್‌ಗೆ ನೆಮ್ಮದಿಯ ದಾರಿಯಾಗಿರಲಿಲ್ಲ. ಅದೂ ಒಂದು ತೀರ್ಪೇ, ಅವನು ಅದನ್ನೂ ಕೊಡುತ್ತಿರಲಿಲ್ಲ. ಸಂಶಯಕ್ಕೂ ಕಾರಣ ಬೇಕು. ಹಗ್ಗವನ್ನು ಹಾವೆಂದುಕೊಂಡವನಿಗೆ ತಪ್ಪು ಗೊತ್ತಾಗುವುದು ದೀಪ ತಂದಾಗ. ದೀಪವನ್ನೂ ನಂಬುವುದಿಲ್ಲ ಎಂದರೆ ಹಾವು ಸುಳ್ಳು ಎನ್ನುವುದಕ್ಕೂ ದಾರಿಯಿಲ್ಲ. ಶುರುವಿನ ಹಾಳೆಯ ವಿಷಯವೂ ಇದೇ. ಕಣ್ಣಿನ ಖಾಲಿ ಜಾಗ ನಿಮಗೆ ಗೊತ್ತಾದದ್ದು ಅದೇ ಕಣ್ಣಿನಿಂದ, ಹಾಳೆಯನ್ನು ಹಿಂದೆ ಮುಂದೆ ಮಾಡಿದ್ದರಿಂದ.

ಮನೆಯವರ ದನಿಯಲ್ಲಿ ಕರೆ ಬಂದು ಅರ್ಜೆಂಟಾಗಿ ಹಣ ಕೇಳಿದರೆ ಏನು ಮಾಡಬೇಕು? ಕರೆ ಕಟ್ ಮಾಡಿ, ನಿಮ್ಮಲ್ಲಿ ಮೊದಲೇ ಇರುವ ನಂಬರಿಗೆ ನೀವೇ ಫೋನ್ ಮಾಡಿ. ಅದೂ ಫೋನೇ. ಆ ಕಡೆ ಕೇಳುವುದೂ ಬರೀ ದನಿಯೇ.