ಟೈ ಗಂಟಿನೊಳಗಿನ ಮೈಕು

ಗ್ಯಾಂಗಿನ ಯಜಮಾನ ಮೇಜಿನ ಹಿಂದೆ ಕೂತಿದ್ದಾನೆ, ಎದುರಿಗೆ ಇಬ್ಬರು ಚೇಲಾಗಳು. ಒಬ್ಬನನ್ನು ಮುಗಿಸುವ ಸಂಚು ನಡೆದಿದೆ. ಅವಸರದಲ್ಲಿ, ಪಿಸುದನಿಯಲ್ಲಿ ಆಗಬೇಕಾದ ಮಾತು. ಇವರೋ ಮಗ್ಗಿ ಒಪ್ಪಿಸುವ ಹುಡುಗರ ಹಾಗೆ ಒಂದೊಂದೇ ಪದ ಬಿಡಿಸಿ ಹೇಳುತ್ತಾರೆ. 1928ರ ಜುಲೈನಲ್ಲಿ ಬಂದ ‘ಲೈಟ್ಸ್ ಆಫ್ ನ್ಯೂಯಾರ್ಕ್’ ಚಿತ್ರದ ದೃಶ್ಯ ಇದು. ಆದಿಯಿಂದ ಅಂತ್ಯದವರೆಗೆ ಮಾತೇ ಇದ್ದ ಮೊದಲ ಪೂರ್ಣಾವಧಿ ಚಿತ್ರವೂ ಅದೇ. ಮೇಜಿನ ಮೇಲಿನ ಟೆಲಿಫೋನಿನಲ್ಲೇ ಮೈಕು ಅಡಗಿತ್ತು ಎಂದು ಸಿನಿಮಾ ಮಂದಿ ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ನಗುವುದು ಸುಲಭ. ಆಗಿನ ಮೈಕು ನಾಲ್ಕೂ ದಿಕ್ಕಿನ ಸದ್ದನ್ನು ಎಳೆದುಕೊಳ್ಳುತ್ತಿತ್ತು. ಕ್ಯಾಮೆರಾದ ಗರಗರ ಕೇಳಬಾರದೆಂದು ಅದನ್ನೂ ಛಾಯಾಗ್ರಾಹಕನನ್ನೂ ಒಟ್ಟಿಗೆ ಗೂಡಿನಂಥ ಪೆಟ್ಟಿಗೆಯೊಳಗೆ ಕೂಡಿಹಾಕುತ್ತಿದ್ದರು. ಬಾಯಿಂದ ಮೈಕಿಗೆ ಇರುವ ದೂರ ಎರಡರಷ್ಟಾದರೆ ದನಿಯ ಮಟ್ಟ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಕೋಣೆಯ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಹಾಗಾಗಿ ಮೈಕು ಹತ್ತಿರ ಇರಲೇಬೇಕು, ಆದರೆ ಕಾಣಬಾರದು. ಹೂದಾನಿ, ದೀಪದ ಬುಡ, ಪರದೆಯ ಮರೆ, ಎಲ್ಲೆಲ್ಲಿ ಜಾಗವಿತ್ತೋ ಅಲ್ಲಲ್ಲಿ ತುರುಕಿದರು. ನಟಿ ಹೂದಾನಿಯ ಬಳಿ ಮಾತಾಡಿ, ಬಾಯಿ ಮುಚ್ಚಿಕೊಂಡು ನಡೆದು, ದೀಪದ ಬಳಿ ನಿಂತು ಮುಂದಿನ ಮಾತು ಶುರುಮಾಡಬೇಕು. ಯಾರು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುತ್ತಿದ್ದದ್ದು ನಿರ್ದೇಶಕನಲ್ಲ, ಹೂದಾನಿ.

1929ರಲ್ಲಿ ‘ದಿ ವೈಲ್ಡ್ ಪಾರ್ಟಿ’ ಚಿತ್ರೀಕರಣದಲ್ಲಿ ನಿರ್ದೇಶಕಿ ಡೊರೊಥಿ ಆರ್ಜ್ನರ್, ನಾಯಕಿ ಕ್ಲಾರಾ ಬೋ ಹೋದ ಕಡೆ ಮೈಕೂ ಹೋಗಲಿ ಎಂದು ಅದನ್ನು ಮೀನಿನ ಗಾಳದ ಕೋಲಿಗೆ ಕಟ್ಟಿಸಿದರು. ಬೂಮ್, ಅಂದರೆ ನಟರ ತಲೆಯ ಮೇಲೆ ಮೈಕು ಹಿಡಿಯುವ ಉದ್ದ ಕೋಲು, ಹುಟ್ಟಿದ ಬಗ್ಗೆ ಹೇಳುವ ಕಥೆಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಇದು. ಗೌರವಕ್ಕೆ ಬೇರೆ ವಾರಸುದಾರರೂ ಇದ್ದಾರೆ.

ಬೊಂಬಾಯಿಯಲ್ಲಿ ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ ತಯಾರಾಗುವಾಗ ಆ ಕೋಲೂ ಇರಲಿಲ್ಲ. ಅದರ ನಿರ್ದೇಶಕ ಅರ್ದೇಶಿರ್ ಇರಾನಿಯವರ ಸ್ಟುಡಿಯೋ ರೈಲು ಹಳಿಯ ಪಕ್ಕದಲ್ಲಿತ್ತು, ಸದ್ದು ತಡೆಯುವ ಗೋಡೆಗಳಿರಲಿಲ್ಲ. ರಾತ್ರಿ ಕೊನೆಯ ರೈಲು ಹೋದ ಮೇಲೆ ಶೂಟಿಂಗ್. ಕ್ಯಾಮೆರಾ ಕಣ್ಣಿಗೆ ಬೀಳದಂತೆ ಮೈಕುಗಳನ್ನು ಊಹಿಸಲಾಗದ ಜಾಗಗಳಲ್ಲಿ ಬಚ್ಚಿಡಬೇಕಾಗುತ್ತಿತ್ತು ಎಂದು ಇರಾನಿಯವರೇ ಮುಂದೆ ನೆನೆದಿದ್ದಾರೆ. ಹಿನ್ನೆಲೆ ಗಾಯನ ಇನ್ನೂ ಬಂದಿರಲಿಲ್ಲ, ಹಾಡೂ ಅಲ್ಲೇ ಆಗಬೇಕು. ಹಾಗಾಗಿ ವಾದ್ಯದವರೂ ಮರೆಯಲ್ಲೇ. 1931ರ ಮಾರ್ಚ್ 14ರಂದು ಆ ಚಿತ್ರ ತೆರೆಕಂಡಿತು. ಮೂರು ವರ್ಷಕ್ಕೆ, 1934ರ ಮಾರ್ಚ್ 3ರಂದು, ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬಂತು. ಅದನ್ನು ತಯಾರಿಸಿದ್ದು ದೂರದ ಕೊಲ್ಹಾಪುರದಲ್ಲಿ.

1935ರ ಹೊತ್ತಿಗೆ ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಹಿನ್ನೆಲೆ ಗಾಯನ ತಂದಿತು. ಹಾಡು ಸೆಟ್ ಬಿಟ್ಟು ಹೊರಟಿತು. ಮಾತೂ ಹೋದದ್ದು ಆಮೇಲೆ, ಶೂಟಿಂಗ್ ಹೊರಾಂಗಣಕ್ಕೆ ಬಂದು, ಹಗುರವಾದರೂ ಸದ್ದು ಮಾಡುವ ಕ್ಯಾಮೆರಾಗಳು ಕೈಗೆ ಸಿಕ್ಕಾಗ. ನಟರ ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಮುದ್ರಿಸಿ ಸೇರಿಸುವ ಡಬ್ಬಿಂಗ್ ಇದೆಯಲ್ಲ, ಸೆಟ್ಟಿನಲ್ಲಿ ಯಾರು ಕೆಮ್ಮಿದರೇನು? ದಶಕಗಟ್ಟಲೆ ನಮ್ಮ ಸೆಟ್ಟುಗಳಲ್ಲಿ ಮೈಕು ಅಡಗಿಸುವ ಅಗತ್ಯವೇ ಬೀಳಲಿಲ್ಲ. ನನ್ನನ್ನು ಕೇಳಿದರೆ ಇದು ನಷ್ಟದ ವ್ಯಾಪಾರ. ಅಳುವಾಗ ಕಟ್ಟಿದ ಉಸಿರು ಮೂರು ತಿಂಗಳ ನಂತರ ಎಸಿ ಕೋಣೆಯಲ್ಲಿ ಹಾಗೆಯೇ ಮರಳಿ ಬರುವುದಿಲ್ಲ.

ಅತ್ತ ಹಾಲಿವುಡ್‌ನಲ್ಲಿ ಮೈಕು ಸಾಮಾನು ಸರಂಜಾಮು ಬಿಟ್ಟು ಮೈಗೇ ಏರಿತು. 1964ರ ‘ಮೈ ಫೇರ್ ಲೇಡಿ’ಯಲ್ಲಿ ರೆಕ್ಸ್ ಹ್ಯಾರಿಸನ್, ಹಾಡನ್ನು ಎರಡು ಸಲ ಒಂದೇ ರೀತಿ ಹೇಳುವವನಲ್ಲ ನಾನು, ಮೊದಲೇ ಮುದ್ರಿಸಿದ ಹಾಡಿಗೆ ತುಟಿ ಆಡಿಸಲಾರೆ ಎಂದು ಹಟ ಹಿಡಿದರು. ಧ್ವನಿ ವಿಭಾಗದವರು ಅವರ ಟೈಯೊಳಗೆ ನಿಸ್ತಂತು ಮೈಕು ಅಡಗಿಸಿದರು. ಆ ವರ್ಷ ಧ್ವನಿಯ ಆಸ್ಕರ್ ಆ ಚಿತ್ರಕ್ಕೇ ಬಂತು.

ನಮ್ಮಲ್ಲಿ 2001ರ ‘ಲಗಾನ್’ ನಂತರ ಸಿಂಕ್ ಸೌಂಡ್, ಅಂದರೆ ಶೂಟಿಂಗ್ ಹೊತ್ತಿನಲ್ಲೇ ಸೆಟ್ಟಿನಲ್ಲಿ ದನಿ ಹಿಡಿಯುವ ಪದ್ಧತಿ, ಮತ್ತೆ ಮಾತಿನಲ್ಲಿ ಬಂತು, ಜೊತೆಗೆ ಮೈಕು ಅಡಗಿಸುವ ಕಸುಬೂ. ಇವತ್ತಿನ ಕಾಲರ್ ಮೈಕಿನ ತಲೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ತಾಪತ್ರಯ ಬಟ್ಟೆಯದು. ಹತ್ತಿಯಾದರೆ ಹೇಗೋ ಸಂಭಾಳಿಸಬಹುದು, ರೇಷ್ಮೆ ಸೀರೆ ಪ್ರತಿ ಉಸಿರಿಗೂ ಸರಸರ ಎನ್ನುತ್ತದೆ. ಮಾಂಗಲ್ಯದ ಗುಂಡು ಬಂದು ಮೈಕಿಗೆ ತಾಗಿದರೆ ಹೆಡ್‌ಫೋನಿನಲ್ಲಿ ಸುತ್ತಿಗೆ ಏಟು. ಅದಕ್ಕೇ ಮೈಕಿಗೆ ಮೆತ್ತನೆ ಬಟ್ಟೆ ಸುತ್ತಿ, ಎರಡೂ ಕಡೆ ಟೇಪು ಅಂಟಿಸಿ, ವಯರಿನಲ್ಲಿ ಸಣ್ಣ ಕುಣಿಕೆ ಬಿಟ್ಟು ಎಳೆತ ತಪ್ಪಿಸುತ್ತಾರೆ. ಅಷ್ಟಾದರೂ ಎದೆಯ ಮೇಲೆ ಕೂತ ಮೈಕಿಗೆ ‘ಸ’ಕಾರ ‘ಶ’ಕಾರಗಳ ಚೂಪು ಸರಿಯಾಗಿ ಸಿಗುವುದಿಲ್ಲ. ಎದೆಗೂಡಿನ ಗುಂಯ್‌ಗುಡುವಿಕೆ ಮಾತ್ರ ಧಾರಾಳ. ಹಾಗಾಗಿ ಸಾಧ್ಯವಿದ್ದಾಗಲೆಲ್ಲ ತಲೆಯ ಮೇಲೆ ಬೂಮನ್ನೂ ಹಿಡಿದಿರುತ್ತಾರೆ. ಕಾರಿನೊಳಗಿನ ದೃಶ್ಯವಾದರೆ ಬೂಮಿಗೆ ಜಾಗವೆಲ್ಲಿ? ಆಗ ಗಾಜಿನ ಮೇಲಿನ ಬಿಸಿಲುಮರೆಯಲ್ಲಿ ಒಂದು ಮೈಕು ಸಿಕ್ಕಿಸುತ್ತಾರೆ. ಹಳೆಯ ಹೂದಾನಿ ಉಪಾಯವೇ.

2012ರ ‘ಲೆ ಮಿಸೆರಾಬ್ಲ್’ನಲ್ಲಿ ನಟರು ಕ್ಯಾಮೆರಾ ಎದುರೇ ಹಾಡಿದರು. ಕಿವಿಯೊಳಗೆ ಅಡಗಿಸಿದ ಪುಟ್ಟ ಇಯರ್‌ಪೀಸಿನಲ್ಲಿ ಪಿಯಾನೊ ಕೇಳುತ್ತಿತ್ತು. ಪಿಯಾನೊದವರು ಸೆಟ್ಟಿನ ಹೊರಗೆ ಕೂತು, ನಟ ತಡೆದಾಗ ತಡೆದು, ಓಡಿದಾಗ ಓಡುತ್ತಿದ್ದರು. ಹಾಡು ಚೊಕ್ಕವಾಗಿ ಸಿಗಲೆಂದು ಬಟ್ಟೆಯ ಹೊರಗೇ ಕಾಣುವಂತೆ ಸಿಕ್ಕಿಸಿದ ಮೈಕುಗಳೂ ಇದ್ದವು. ಅವನ್ನು ಆಮೇಲೆ ಗ್ರಾಫಿಕ್ಸ್‌ನವರು ಫ್ರೇಮಿನಿಂದ ಫ್ರೇಮಿಗೆ ಒರೆಸಿ ತೆಗೆದರು.