ಗೋದಾಮಿನ ಬಲ್ಬಿಗೆ ಇಲಿ ಯಾಕೆ ಮರುಳಾಗುವುದಿಲ್ಲ?

ಪ್ರಶ್ನೆ: ಶೇಂಗಾ ಇಟ್ಟ ಗೋದಾಮಿನ್ಯಾಗ ರಾತ್ರಿಪೂರಾ ಲೈಟ್ ಹಚ್ಚಿಟ್ಟರ, ಇಲಿ ಹಗಲಂತ ತಿಳದು ಹೊರಗ ಬರೂದಿಲ್ಲಂತ. ಖರೆ ಏನ್ರಿ?

ಉತ್ತರ: ಖರೆ ಅಲ್ಲ. ಗದಗ, ಹಾವೇರಿ, ಅಮರಗೋಳ ಮಾರ್ಕೆಟ್ಟು, ಎಲ್ಲ ಕಡೆಯಿಂದಲೂ ಸುಗ್ಗಿ ಬಂತೆಂದರೆ ಇದೇ ಪ್ರಶ್ನೆ. ಉತ್ತರವೂ ಪ್ರತಿಸಲ ಇದೇ.

ಇಲಿಯನ್ನು ಹೊರಗೆ ಕಳಿಸುವುದು ಬರೀ ಕತ್ತಲೆಯಲ್ಲ, ಅದರ ಮೈಯೊಳಗಿನ ಗಡಿಯಾರ. ಎರಡೂ ಕಣ್ಣಿನ ನರಗಳು ಮಿದುಳಿನ ಬುಡದಲ್ಲಿ ಅಡ್ಡಹಾಯುತ್ತವೆ. ಅದರ ಸ್ವಲ್ಪವೇ ಮೇಲೆ, ಎಡಕ್ಕೊಂದು ಬಲಕ್ಕೊಂದು, ನರಕೋಶಗಳ ಪುಟ್ಟ ಗುಂಪುಗಳಿವೆ. ಸುಂಡಿಲಿಯಲ್ಲಿ ಎರಡೂ ಸೇರಿ ಸುಮಾರು 20,000 ಕೋಶ. ಗಡಿಯಾರ ಇದೇ. ಒಂದೊಂದು ಕೋಶದಲ್ಲೂ ಕೆಲವು ಪ್ರೋಟೀನುಗಳು ತಯಾರಾಗಿ, ಕೂಡಿಬಿದ್ದು, ತಮ್ಮದೇ ಜೀನನ್ನು ತಡೆದು, ಕರಗಿಹೋಗುವಷ್ಟರಲ್ಲಿ ಒಂದು ದಿನ ಆಗಿರುತ್ತದೆ. 1972ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಸ್ಟೀಫನ್ ಮತ್ತು ಜುಕರ್ ಇಲಿಗಳಲ್ಲಿ ಈ ಗುಂಪನ್ನು ನಾಶಮಾಡಿದರು. ಇಲಿಗಳು ಓಡಾಡಿದವು, ನೀರು ಕುಡಿದವು; ಆದರೆ ಹೊತ್ತುಗೊತ್ತಿಲ್ಲದೆ.

ಕತ್ತಲೆಯೇ ಕಾರಣವಾಗಿದ್ದರೆ ಕಗ್ಗತ್ತಲಲ್ಲಿಟ್ಟ ಸುಂಡಿಲಿ 24 ತಾಸೂ ಓಡಬೇಕಿತ್ತಲ್ಲ? ಓಡುವುದಿಲ್ಲ. ಪಂಜರದ ಚಕ್ರಕ್ಕೆ ಅಯಸ್ಕಾಂತ, ಪಕ್ಕದಲ್ಲಿ ಸ್ವಿಚ್ಚು ಕಟ್ಟಿ ಸುತ್ತು ಎಣಿಸಿದರೆ ಗೊತ್ತಾಗುತ್ತದೆ: ಅದರ ಸ್ವಂತ ದಿನ ಸುಮಾರು ಇಪ್ಪತ್ಮೂರೂವರೆ ತಾಸು. ದಿನಾಲೂ ಅರ್ಧ ತಾಸು ಮುಂಚೆ ಏಳುತ್ತದೆ, ಹತ್ತು ದಿನಕ್ಕೆ ಐದು ತಾಸು. ನಮ್ಮ 24 ತಾಸಿಗೆ ಅದನ್ನು ಸರಿಹೊಂದಿಸುವುದಷ್ಟೇ ಬೆಳಕಿನ ಕೆಲಸ.

ಬಲ್ಬಿನ ವಿಷಯ. ಜೋರು ಬೆಳಕು ಇಲಿಯ ಓಡಾಟವನ್ನು ಆ ಹೊತ್ತಿಗೆ ತಗ್ಗಿಸುತ್ತದೆ, ನಿಜ. ಮೊದಲೆರಡು ರಾತ್ರಿ ಸದ್ದು ಕಡಿಮೆಯಾಯಿತು ಅನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಚೀಲಗಳ ಸಂದಿಗೆ ಬಲ್ಬು ಮುಟ್ಟುವುದಿಲ್ಲ. ಹಗಲು ಕಿಟಕಿಯಿಂದ ಅದಕ್ಕಿಂತ ಜೋರು ಬೆಳಕು ಬರುತ್ತಿದ್ದರೆ ಬಲ್ಬಿನ ಹೊತ್ತೇ ಇಲಿಗೆ ರಾತ್ರಿ. ಕಿಟಕಿಯೇ ಇಲ್ಲದೆ ಹಗಲಿರುಳು ಒಂದೇ ಬೆಳಕಿದ್ದರೆ ಅದರ ದಿನ 24 ತಾಸಿಗಿಂತ ಉದ್ದವಾಗುತ್ತದೆ. ದಿನದಿನಕ್ಕೆ ತಡವಾಗಿ ಎದ್ದು, ಒಂದು ದಿನ ಹಮಾಲರು ಚೀಲ ಹೊರುವ ಹೊತ್ತಿಗೇ ಹೊರಬೀಳುತ್ತದೆ!

ಕರೆಂಟ್ ಬಿಲ್ಲಿನ ದುಡ್ಡಿನಲ್ಲಿ ಬೋನು ತನ್ನಿ. ಗೋಡೆಗುಂಟ ಇಟ್ಟು, ಎರಡು ದಿನ ಬಾಗಿಲು ಬೀಳದಂತೆ ಕಟ್ಟಿ ಶೇಂಗಾ ಉಣಿಸಿ, ಆಮೇಲೆ ಹೂಡಿ. ಹೊಸ ವಸ್ತುವೆಂದರೆ ಇಲಿಗೆ ಅನುಮಾನ. ಹೂಡುವುದು ಹೊತ್ತು ಮುಳುಗುವ ಮುಂಚೆ, ಯಾಕೆಂದರೆ ಕತ್ತಲಾದ ಮೊದಲ ಕೆಲವು ತಾಸಿನಲ್ಲೇ ಓಡಾಟ ಜಾಸ್ತಿ.

ಇನ್ನು ಬೇವಿನ ಮರದ ಅಳಿಲು: ಅದೂ ಇಲಿಯ ಹಾಗೆ ಕೊರೆದು ತಿನ್ನುವ ಪ್ರಾಣಿ, ಅಂದರೆ ದಂಶಕವೇ, ಆದರೆ ಹಗಲಿಗ. ಅದರ ಗಡಿಯಾರ ತಿರುಗಾಮುರುಗಾ ಇರಬೇಕಲ್ಲ? ಇಲ್ಲ. ಹಗಲಿನ ದಂಶಕಗಳಲ್ಲಿ ಅಳೆದು ನೋಡಿದಾಗಲೂ ಈ ಕೋಶಗಳು ಇಲಿಯಲ್ಲಿದ್ದಂತೆ ಹಗಲಲ್ಲೇ ಚುರುಕು. ಅದೇ ಸುದ್ದಿಯನ್ನು ಅದನ್ನು ಪಡೆಯುವ ಮಿದುಳಿನ ಬೇರೆ ಭಾಗಗಳು ಇಲಿಯಲ್ಲಿ ‘ಮಲಗು’ ಎಂದೂ ಅಳಿಲಿನಲ್ಲಿ ‘ಏಳು’ ಎಂದೂ ಓದುತ್ತವೆ.