ನನ್ನ ಚಿತ್ರ ಎಐಗೆ ಕೊಡಲ್ಲ ಅನ್ನಬಹುದಾ?

ಪ್ರಶ್ನೆ: ನಾನು ಉಡುಪಿಯಲ್ಲಿ ಯಕ್ಷಗಾನ ವೇಷಗಳ ಚಿತ್ರ ಬಿಡಿಸುತ್ತೇನೆ. ಇನ್‌ಸ್ಟಾಗ್ರಾಂನಲ್ಲಿ ಹಾಕಿದರೆ ಆರ್ಡರ್ ಬರುತ್ತದೆ. ಕಾಪಿರೈಟ್ ಕಾನೂನು ಬದಲಾದರೆ ಎಐ ಕಂಪನಿಗಳು ನಮ್ಮನ್ನು ಕೇಳದೆಯೇ ಚಿತ್ರ ಬಳಸಬಹುದಂತೆ. ನಿಜವಾ?

ಉತ್ತರ: ಅಂಥ ಪ್ರಸ್ತಾವ ಇರುವುದು ನಿಜ. ಆದರೆ ಅದು ಪ್ರಸ್ತಾವ, ಕಾನೂನಲ್ಲ.

2025ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರದಲ್ಲಿ ಕಾಪಿರೈಟ್ ವಿಷಯ ನೋಡಿಕೊಳ್ಳುವ ಡಿಪಿಐಐಟಿ (ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ) ಇಲಾಖೆ ತನ್ನ ಸಮಿತಿಯ ಚರ್ಚಾಪತ್ರವನ್ನು ಹೊರತಂದು ಜನರ ಅಭಿಪ್ರಾಯ ಕೇಳಿತು. ಅದರ ಸಾರ ಇಷ್ಟು. ಎಐ ಕಂಪನಿಗಳು ಕಾನೂನುಬದ್ಧವಾಗಿ ಕೈಗೆ ಸಿಕ್ಕ ಬರಹ, ಹಾಡು, ಚಿತ್ರಗಳನ್ನೆಲ್ಲ ತರಬೇತಿಗೆ, ಅಂದರೆ ಎಐಗೆ ಕಲಿಸುವುದಕ್ಕೆ, ಬಳಸಬಹುದು. ಬದಲಿಗೆ ತಮ್ಮ ಆದಾಯದಲ್ಲಿ ಒಂದು ಪಾಲು ಕೊಡಬೇಕು. ದರವನ್ನು ಸರ್ಕಾರ ನೇಮಿಸಿದ ಸಮಿತಿ ನಿಗದಿ ಮಾಡುತ್ತದೆ. ಒಂದೇ ಸಂಸ್ಥೆ ಹಣ ವಸೂಲಿ ಮಾಡಿ ಹಂಚುತ್ತದೆ. ಚಿತ್ರ ಬಿಡಿಸಿದವರು ‘ಬೇಡ, ನಾನು ಕೊಡಲ್ಲ’ ಅನ್ನುವ ಹಾಗಿಲ್ಲ.

ನನಗೆ ಒಪ್ಪಿಗೆಯಾಗದ್ದು ಈ ಕೊನೆಯ ಮಾತು. ದುಡ್ಡು ಬೇಕು, ಸರಿ. ಆದರೆ ಬೇಡ ಅನ್ನುವ ಹಕ್ಕು ಇದ್ದರೆ ತಾನೇ ದುಡ್ಡಿನ ಮಾತು ಸಮಸಮವಾಗಿ ನಡೆಯುವುದು?

ಈಗಿನ 1957ರ ಕಾಯ್ದೆಯಲ್ಲಿ ನೀವು ಚಿತ್ರ ಬಿಡಿಸಿದ ಕ್ಷಣದಲ್ಲೇ ಕಾಪಿರೈಟ್ ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ. ನಿಮ್ಮ ಆಯುಷ್ಯ ಪೂರ್ತಿ, ಆಮೇಲೆ 60 ವರ್ಷ ಆ ಹಕ್ಕು ಉಳಿಯುತ್ತದೆ. ವೇಷದ ಕಟ್ಟು, ಮುಖವರ್ಣಿಕೆ ಪರಂಪರೆಯದ್ದು, ಅದರ ಮೇಲೆ ಯಾರಿಗೂ ಹಕ್ಕಿಲ್ಲ. ಆ ಬಣ್ಣದ ವೇಷವನ್ನು ನೀವು ಕಂಡು ಬಿಡಿಸಿದ ರೀತಿ ಮಾತ್ರ ನಿಮ್ಮದೇ. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯ ಹಕ್ಕು ಯಾರದ್ದು ಅನ್ನುವ ವ್ಯಾಜ್ಯ ನಮ್ಮ ಜಿಲ್ಲೆಯಿಂದಲೇ ಹೊರಟು ಸುಪ್ರೀಂ ಕೋರ್ಟ್ ಮುಟ್ಟಿತ್ತು, 2009ರಲ್ಲಿ ತೀರ್ಪು ಬಂತು. ಪರಂಪರೆಯ ಕಲೆಯಲ್ಲೂ ಒಬ್ಬರು ಹೊಸದಾಗಿ ಕಟ್ಟಿದ್ದಕ್ಕೆ ಹಕ್ಕು ಇರುತ್ತದೆ ಅಂತ ನಾನು ಅದನ್ನು ನೆನಪಿಸುತ್ತೇನೆ.

ಎಐ ತರಬೇತಿ ಈಗಿನ ಕಾಯ್ದೆಯ ಪ್ರಕಾರ ನಕಲೇ ಹೌದಾ? ಎಎನ್‌ಐ ಸುದ್ದಿಸಂಸ್ಥೆ 2024ರಲ್ಲಿ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯ ವಿರುದ್ಧ ದಿಲ್ಲಿ ಹೈಕೋರ್ಟಿಗೆ ಹೋಗಿದ್ದು ಇದೇ ಪ್ರಶ್ನೆ ಹಿಡಿದು.

ಇನ್ನು ಹಣದ ವಿಷಯ. ಕಂಪನಿ ಕೊಟ್ಟ ಪಾಲು ಚಿತ್ರಕಾರರಿಗೆ ಮುಟ್ಟಬೇಕಾದರೆ ಯಾವ ಚಿತ್ರ ಯಾರದ್ದು ಅನ್ನುವ ಲೆಕ್ಕ ಬೇಕು. ಸಂಗೀತದವರಿಗೆ ಹಾಡುಗಳ ರಾಯಲ್ಟಿ ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಅನ್ನುವ ಸಂಘ 1969ರಿಂದ ಇದೆ. ಒಬ್ಬರೇ ಕೂತು ಬಿಡಿಸುವ ನಮ್ಮಂಥವರ ಬೆನ್ನಿಗೆ ಅಷ್ಟು ಗಟ್ಟಿ ಸಂಘ ಇಲ್ಲ. ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಪಾಲು ಕೇಳುವುದಾದರೂ ಹೇಗೆ?

ಇದಕ್ಕಿಂತ ಜಾಸ್ತಿ ನನ್ನನ್ನು ಕಾಡಿದ್ದು ನಿಮ್ಮ ಪ್ರಶ್ನೆಯಲ್ಲಿದ್ದ ‘ಆರ್ಡರ್’ ಅನ್ನುವ ಪದ. ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಒಬ್ಬರು ಹೇಳಿ, ದುಡ್ಡು ಕೊಟ್ಟು ಬರೆಸಿಕೊಂಡ ಪೇಂಟಿಂಗ್‌ನ ಕಾಪಿರೈಟ್ ಬರೆಸಿಕೊಂಡವರದ್ದು. ಬೇರೆ ಒಪ್ಪಂದ ಇದ್ದರೆ ಮಾತ್ರ ಬಿಡಿಸಿದವರದ್ದು. ಅಂದರೆ ನಾಳೆ ಹೊಸ ವ್ಯವಸ್ಥೆ ಬಂದು ಹಣ ಹಂಚಿದರೂ, ನಿಮ್ಮ ಆರ್ಡರ್ ಚಿತ್ರಗಳ ಪಾಲು ಕೇಳುವ ಹಕ್ಕು ಗಿರಾಕಿಗೆ ಹೋಗಬಹುದು! ನಾನು ಬಿಡಿಸಿಕೊಟ್ಟ ಒಂದು ಮಹಿಷಾಸುರ, ಮೇಳದ ಆಟದ ಫ್ಲೆಕ್ಸ್‌ನಲ್ಲಿ ಮಂಗಳೂರಿನ ರಸ್ತೆ ಬದಿಯಲ್ಲಿ ಕಂಡಿತ್ತು. ಕೇಳಲು ಹೋದಾಗ ನನ್ನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಹಾಗಾಗಿ ಇನ್‌ಸ್ಟಾಗ್ರಾಂ ಬಿಡಬೇಡಿ, ಅದು ನಿಮ್ಮ ಅಂಗಡಿ. ಪೆನ್ಸಿಲ್ ಸ್ಕೆಚ್, ಲೇಯರ್ ಇರುವ ಮೂಲ ಫೈಲು, ತಾರೀಖು ಜೋಪಾನ ಮಾಡಿ. ತುಂಬ ಮುಖ್ಯ ಅನ್ನಿಸಿದ ಚಿತ್ರವನ್ನು ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸಿ, ಸಾಮಾನ್ಯ ಕಲಾಕೃತಿಗೆ ಶುಲ್ಕ 500 ರೂಪಾಯಿ. ಮುಂದಿನ ಆರ್ಡರ್ ಬಂದಾಗ ಮುಂಗಡ ತೆಗೆದುಕೊಳ್ಳುವ ಮೊದಲೇ ಒಂದು ಸಾಲು ಬರೆದು, ಗಿರಾಕಿಯ ಸಹಿ ಹಾಕಿಸಿಕೊಳ್ಳಿ: ‘ಚಿತ್ರ ನಿಮಗೆ, ಕಾಪಿರೈಟ್ ನನ್ನಲ್ಲೇ ಇರುತ್ತದೆ.’